ಎಣ್ಣೆಯಲ್ಲಿ ಮುಳುಗಿದ ಬೋರ್ಡು

ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಕಂಪನಿಯ ಮುಖ್ಯ ಎಂಜಿನಿಯರ್ ಎಣ್ಣೆ ತೊಟ್ಟಿಯ ಮುಚ್ಚಳ ತೆಗೆದ. ಮರುಕ್ಷಣವೇ ಕಳ್ಳತನವಾಗಿದೆ ಎಂದು ಠಾಣೆಗೆ ಫೋನ್ ಮಾಡಿದ.

ಇನ್ಸ್‌ಪೆಕ್ಟರ್ ಬಂದು ಬಗ್ಗಿ ನೋಡಿದ. ತೊಟ್ಟಿಯ ತುಂಬ ತಿಳಿ ಎಣ್ಣೆ. ಅದರೊಳಗೆ ಸಾಲಾಗಿ ಮುಳುಗಿ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಬೋರ್ಡುಗಳು. ಈ ಎಣ್ಣೆಯಲ್ಲಿ ಕರೆಂಟು ಹಾಯುವುದಿಲ್ಲ, ಫ್ಯಾನಿಲ್ಲದೆಯೇ ಬಿಸಿಯನ್ನೆಲ್ಲ ಹೀರುತ್ತದೆ ಎಂದು ಎಂಜಿನಿಯರ್ ಪಾಠ ಒಪ್ಪಿಸಿದ. ಕಳುವಾಗಿದ್ದು ಕೊನೆಯ ಬೋರ್ಡು, ಮೂರು ವರ್ಷದ ಶ್ರಮ. ಅದರ ಜಾಗದಲ್ಲಿ ಹಾಗೇ ಕಾಣುವ ಡಮ್ಮಿ ಬೋರ್ಡು. ಅಸಲಿಯನ್ನು ಪರೀಕ್ಷಿಸಲು ಇವತ್ತೇ ಹೊರಗಿನವರು ಬರುವವರಿದ್ದರು.

ನಿನ್ನೆ ಸಂಜೆ ಕೊನೆಗೆ ಬಾಗಿಲು ತೆರೆದದ್ದು ಹೊಸ ಟೆಕ್ನಿಷಿಯನ್ ಹುಡುಗಿಯ ಕಾರ್ಡು. ಸೇರಿ ಎಂಟೇ ದಿನ. ಎಂಜಿನಿಯರನ ಹೆಂಡತಿಯ ತಂಗಿ. ಕೆಲಸ ಕೊಡಿಸಿದವನೂ ಅವನೇ.

“ಮನೆಮಗಳ ಥರ ನೋಡ್ಕೊಂಡೆ ಸಾರ್. ಅನ್ನ ಹಾಕಿದ ಕೈನೇ ಕಚ್ಚಿದ್ಲು,” ಎಂದ.

ಅವಳ ಚೀಲದಲ್ಲಿ ಎಣ್ಣೆಯ ಕಲೆ, ವೈರಿನ ತುಂಡುಗಳು. ಇನ್ಸ್‌ಪೆಕ್ಟರನಿಗೆ ಅಷ್ಟೇ ಸಾಕಾಯಿತು.

* * *

ಅವನು ಮೇಜು ಕುಟ್ಟಿ ಗದರಿದ. ಜೈಲಿನ ಹೆಸರು ಎತ್ತಿದ. ಹುಡುಗಿ ಅಳುತ್ತಲೇ ಹೇಳಿದಳು, ಎಣ್ಣೆಯ ಕಲೆ ಇಲ್ಲಿ ಎಲ್ಲರ ಚೀಲದಲ್ಲೂ ಇದೆ ಎಂದು. ವೈರು ಯಾಕೆ ಎಂದು ಕೇಳಿದ್ದಕ್ಕೆ ಎರಡು ತುಂಡು ಎತ್ತಿ ತೋರಿಸಿದಳು. ಒಂದು ದಾರದಂತೆ ಬಳುಕಿತು. ಇನ್ನೊಂದು ಟಕ್ಕನೆ ಮುರಿಯಿತು.

“ಪ್ಲಾಸ್ಟಿಕ್ಕಿನ ಮೆದುತನಾನೆಲ್ಲ ಈ ಎಣ್ಣೆ ಎಳ್ಕೊಂಡ್ಬಿಡುತ್ತೆ ಸಾರ್. ಆರೇಳು ತಿಂಗಳಿಗೆ ಒಣಕಡ್ಡಿ. ಅಂಥದ್ನೆಲ್ಲ ಕಿತ್ತು ಹೊಸದು ಹಾಕೋದೇ ನನ್ನ ಕೆಲಸ.”

“ಕೊನೇ ಬೋರ್ಡಿಗೂ ಹಾಕಿದ್ಯಾ?”

“ಅದನ್ನ ಮುಟ್ಟಲೇಬಾರದು ಅಂದಿದ್ರು ಭಾವ.”

ಇನ್ಸ್‌ಪೆಕ್ಟರ್ ಎದ್ದ.

* * *

ತೊಟ್ಟಿಯ ಪಕ್ಕ ಎಲ್ಲರನ್ನೂ ನಿಲ್ಲಿಸಿ ಡಮ್ಮಿಯನ್ನು ಮೇಲೆತ್ತಿಸಿದ. ಅದಕ್ಕೆ ಬೆಸುಗೆ ಹಾಕಿದ್ದ ವೈರನ್ನು ಬಗ್ಗಿಸಿದ. ಟಕ್. ಇನ್ನೊಂದು. ಟಕ್.

“ನಿನ್ನೆ ಸಂಜೆ ಇಟ್ಟದ್ದಾದ್ರೆ ಇದು ಬಳುಕಬೇಕಿತ್ತು. ಇದು ಅರ್ಧ ವರ್ಷದಿಂದ ಎಣ್ಣೇಲಿದೆ. ಈ ಹುಡುಗಿ ಬಂದು ಎಂಟು ದಿನ. ಅಷ್ಟೂ ತಿಂಗಳು ಬೋರ್ಡು ಚೆನ್ನಾಗಿ ಓಡ್ತಿದೆ ಅಂತ ದಿನಾ ರುಜು ಹಾಕಿದವರು ಯಾರಪ್ಪಾ?”

ರುಜುಗಳೆಲ್ಲ ಎಂಜಿನಿಯರನವೇ. ಅವನು ಅಸಲಿ ಬೋರ್ಡನ್ನು ಬೇರೆ ಕಂಪನಿಗೆ ಎಂದೋ ದಾಟಿಸಿದ್ದ. ಪರೀಕ್ಷೆಯ ದಿನ ಗೊತ್ತಾದ ಮೇಲೆ ತಲೆ ಕೊಡಲು ಒಂದು ಕುರಿ ಬೇಕಾಯಿತು. ಹೆಂಡತಿಯ ತಂಗಿಗೆ ಕೆಲಸ ಕೊಡಿಸಿದ. ನಿನ್ನೆ ಸಂಜೆ ಎಣ್ಣೆಯ ಪಂಪು ನೋಡಿ ಬಾ ಎಂದು ಒಬ್ಬಳನ್ನೇ ಕಳಿಸಿದ.

ಜೀಪು ಹತ್ತಿಸುವಾಗ ಅಕ್ಕ ಓಡಿಬಂದಳು. ಗಂಡನ ಕಡೆ ನೋಡಲಿಲ್ಲ. ನೇರ ತಂಗಿಯ ಮುಂದೆ ನಿಂತಳು.

“ನಿಂಗೇನು ಗಂಡನಾ ಮಕ್ಕಳಾ? ಹೆಚ್ಚಂದ್ರೆ ಎರಡು ವರ್ಷ ಅಂದಿದ್ರು ಇವ್ರು. ಬಾಯಿ ಮುಚ್ಕೊಂಡು ಇದ್ದು ಬರೋಕೆ ಏನಾಗಿತ್ತೇ ನಿಂಗೆ?”

ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ಸ್‌ಪೆಕ್ಟರ್ ಜೀಪಿನ ಬಾಗಿಲನ್ನು ಇನ್ನಷ್ಟು ಅಗಲಿಸಿದ.

“ಅಂದ್ರೆ ಮೊದಲೇ ಗೊತ್ತಿತ್ತು. ನೀವೂ ಹತ್ತಿ ತಾಯಿ.”

ಇಬ್ಬರನ್ನೂ ಕೂರಿಸಿಕೊಂಡು ಪೇದೆಗಳ ಜೀಪು ಹೊರಟಿತು, ಇನ್ಸ್‌ಪೆಕ್ಟರ್ ಅಲ್ಲೇ ಉಳಿದ. ಬೆಳಿಗ್ಗೆಯ ಗದರಿಕೆಗೆ ಏನಾದರೂ ಹೇಳಬೇಕು ಎಂದು ಅವನು ಹಿಂದೆ ತಿರುಗಿದ. ಹುಡುಗಿ ಬಾಗಿಲಲ್ಲಿ ನಿಂತು ಒಳಗಿನ ಗೋಡೆಯ ಗಡಿಯಾರ ನೋಡುತ್ತಿದ್ದಳು.

“ಅಕ್ಕನ ಮಕ್ಕಳಿಗೆ ಸ್ಕೂಲು ಬಿಡೋ ಹೊತ್ತು ಸಾರ್. ಕರ್ಕೊಂಡು ಬರೋಕೆ ಇನ್ಯಾರಿದಾರೆ?” ಎಂದು ಹೊರಟೇಬಿಟ್ಟಳು.