ಬಿಡಿ ಎಂಬ ಮಾತು

ಮಚ್ಚಿನ ತುದಿ ನನ್ನ ಪಕ್ಕೆಗೆ ತಾಗಿತ್ತು.

ಟವೆಲಿನಲ್ಲಿ ಸುತ್ತಿದ ಮಚ್ಚು. ಹಿಡಿದವನು ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದ ಸೊಣ್ಣಪ್ಪ. ಬೆಂಗಳೂರಿನ ಡಾಕ್ಟರ್ ವೆಂಕಟರಾಯಪ್ಪನವರ ಕಾರು ಓಡಿಸುವವನು. ಅವರ ಬೇರೆ ಕೆಲಸಗಳನ್ನೂ ಮಾಡುವವನು.

"ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳಿ ಸಿಸ್ಟರಮ್ಮ. ನಾನೂ ಇಳೀತೀನಿ."

"ನನ್ನ ಟಿಕೆಟ್ ದೊಡ್ಡಬೆಳವಂಗಲಕ್ಕೆ."

"ಟಿಕೆಟ್ ಹೋದ್ರೆ ಹೋಗ್ಲಿ. ಜೀವ ಮಿಕ್ಕುತ್ತಲ್ಲ."

ಬಾಯಿ ಹಾಗೆ ಹೇಳಿತು. ಮಚ್ಚು ಬೇರೇನನ್ನೋ ಹೇಳುತ್ತಿತ್ತು...

ಕೇಳು, ನಾನು ಸುಲಭಕ್ಕೆ ಹೆದರುವವಳಲ್ಲ. ನನ್ನ ಹೆಸರು ಮುನಿಗಂಗಮ್ಮ. ಯುದ್ಧದಲ್ಲಿ ಬರ್ಮಾ ಗಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಯುದ್ಧ ಮುಗಿದ ಮೇಲೆ ಒಂದು ಅಂತರರಾಷ್ಟ್ರೀಯ ವೈದ್ಯ ಸಂಘಕ್ಕೆ ಸೇರಿಕೊಂಡೆ. ಒಂಬತ್ತು ದೇಶಗಳ ಡಾಕ್ಟರುಗಳು, ಜಿನೀವಾದಲ್ಲಿ ಮುಖ್ಯ ಕಚೇರಿ. ನಮ್ಮ ಸೀಮೆಯಲ್ಲಿ ಏನಾದರೂ ಕೆಟ್ಟರೆ ಹೋಗಿ ವಿಚಾರಿಸುವುದು ನನ್ನ ಕೆಲಸ.

ನಲವತ್ತೇಳರ ಬೇಸಿಗೆಯಲ್ಲಿ ತುಂಬಾ ಕೆಟ್ಟಿತ್ತು.

ನೆಲಮಂಗಲದ ಪಕ್ಕದ ಒಂದು ಹಳ್ಳಿಯಲ್ಲಿ ಸಂಘದವರು ಕಾಲರಾಕ್ಕೆ ಇಂಜೆಕ್ಷನ್ ಹಾಕಿದ್ದರು. ಮೂವರು ಸತ್ತರು. ಕಾಲರಾದಿಂದಲ್ಲ. ಸೂಜಿ ಹಾಕಿದ ತೋಳು ಊದಿ, ಕಪ್ಪಾಗಿ, ಜ್ವರವೇರಿ ಸತ್ತರು. ಮದ್ದಿನ ಪೆಟ್ಟಿಗೆಗಳಲ್ಲಿ ಸೋಂಕಿತ್ತು. ಜಿನೀವಾದವರಿಗೆ ಅದು ಮೊದಲೇ ಗೊತ್ತಾಗಿ ಎಲ್ಲಾ ಶಾಖೆಗಳಿಗೂ ತಂತಿ ಕೊಟ್ಟಿದ್ದರು. ಮದರಾಸಿನವರು ನಿಲ್ಲಿಸಿದರು. ನಮ್ಮವರು ಯಾಕೆ ನಿಲ್ಲಿಸಲಿಲ್ಲ?

ಸಂಘದ ಕಟ್ಟಳೆ ಹಾಗಿತ್ತು. ಮೇಲಿನ ಮಾತು ಕೆಳಗಿಳಿಯುವುದು ಗೌರವ ಕಾರ್ಯದರ್ಶಿಯೊಬ್ಬರ ಮೂಲಕವೇ. ಕೆಳಗಿನವರು ಇನ್ನೊಂದು ಸಲ ಕೇಳುವಂತಿಲ್ಲ. ಅವರನ್ನು ದಾಟಿ ಮೇಲಕ್ಕೆ ಮಾತಾಡುವಂತಿಲ್ಲ. ಬರ್ಮಾದಲ್ಲಿ ಡಾಕ್ಟರು ಇಷ್ಟು ಮದ್ದು ಅಂದರೆ ನಾವು ಅದನ್ನೇ ಅವರಿಗೆ ತಿರುಗಿ ಹೇಳಬೇಕಿತ್ತು, ಅವರು ಹೂಂ ಅಂದ ಮೇಲೆಯೇ ಸೂಜಿ. ಇಲ್ಲೂ ಹಾಗೆ ಮಾಡೋಣ ಎಂದು ನಾನು ಕಾರ್ಯದರ್ಶಿಗಳನ್ನು ಕೇಳಿದ್ದೆ.

"ಇದು ಪಾಠಶಾಲೆ ಅಲ್ಲಮ್ಮ, ಮಗ್ಗಿ ಒಪ್ಪಿಸೋಕೆ," ಎಂದು ನಕ್ಕಿದ್ದರು.

ಆ ಕಾರ್ಯದರ್ಶಿಗಳೇ ವೆಂಕಟರಾಯಪ್ಪ.

ಆ ದಿನ ಬೆಳಿಗ್ಗೆ ದೊಡ್ಡಬಳ್ಳಾಪುರದ ನಮ್ಮ ಉಗ್ರಾಣಕ್ಕೆ ಹೋಗಿದ್ದೆ. ಉಗ್ರಾಣ ನೋಡಿಕೊಳ್ಳುವ ಗೋಪಾಲಪ್ಪ ಮೊದಲು ಕುಡಿಯಲು ನೀರು ಕೊಟ್ಟ. ಆಮೇಲೆ ಅತ್ತ.

"ಡಾಕ್ಟ್ರು ಫೋನ್ ಮಾಡಿದ್ರು ಸಿಸ್ಟರೇ. 'ಆ ಪೆಟ್ಟಿಗೆ ಬಿಡಿ' ಅಂದ್ರು. ಬಿಟ್ಟೆ. ನೆಲಮಂಗಲದ ಕಡೆಗೆ ಬಿಟ್ಟೆ."

ನಾನು ನೀರಿನ ಲೋಟ ಕೆಳಗಿಟ್ಟೆ.

ಬಿಡಿ. ಮುಟ್ಟಬೇಡಿ, ಹಾಗೇ ಬಿಡಿ ಎಂದು ಅವರು. ಕಳಿಸಿಬಿಡಿ ಎಂದು ಇವನು. ಬಸ್ಸು ಬಿಡು, ನೀರು ಬಿಡು ಅಂದ ಹಾಗೆ. ಒಂದೇ ಮಾತು. ಮೂರು ಹೆಣ.

"ಆಮೇಲೆ?"

"ಜನ ಸತ್ರು ಅಂತ ಗೊತ್ತಾದ ಕೂಡ್ಲೆ ನಾನೇ ಫೋನ್ ಮಾಡ್ದೆ. 'ಸ್ವಾಮಿ, ಆ ಮದ್ದು ಹಾಕುಸ್ಕೊಂಡೋರು ಸತ್ರು. ಮಿಕ್ಕಿದ್ ಪೆಟ್ಟಿಗೆ ಏನ್ ಮಾಡ್ಲಿ?' ಅಂದೆ. ಸುಮ್ನಿದ್ರು. ತುಂಬ ಹೊತ್ತು ಸುಮ್ನಿದ್ರು. ಆಮೇಲೆ, 'ಹೋದ್ಸಲದ ಹಾಗೇ. ಬಿಡಿ' ಅಂದ್ರು."

ಮೊದಲನೆಯದು ತಪ್ಪು. ಎರಡನೆಯದು ಕೊಲೆ.

ಮುಂದಿನ ತಿಂಗಳು ಸಂಘದ ಮಹಾಸಭೆ. ಡಾಕ್ಟರು ಉಪಾಧ್ಯಕ್ಷರಾಗುವವರಿದ್ದರು. ಪೆಟ್ಟಿಗೆ ಈಗ ನಿಲ್ಲಿಸಿದರೆ ಮೊದಲೇ ಯಾಕೆ ನಿಲ್ಲಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ನಿಲ್ಲಿಸದಿದ್ದರೆ? ಇನ್ನಷ್ಟು ಜನ ಸಾಯುತ್ತಾರೆ. ಬೇಸಿಗೆ, ಕಾಲರಾ ಎಂದು ಊರೇ ಹೇಳಿಕೊಳ್ಳುತ್ತದೆ.

"ಮಿಕ್ಕ ಪೆಟ್ಟಿಗೆ ಎಲ್ಲಿ ಗೋಪಾಲಪ್ಪ?"

"ದೊಡ್ಡಬೆಳವಂಗಲಕ್ಕೆ ಹೋಯ್ತು. ಕಾಂಪೌಂಡರ್ ನರಸಿಂಹಯ್ಯ ತಗೊಂಡ್ ಹೋದ. ಇವತ್ತು ಚಾವಡಿ ಮುಂದೆ ಸೂಜಿ."

ಓಡಿ ಬಂದು ಬಸ್ಸು ಹಿಡಿದೆ. ಸೊಣ್ಣಪ್ಪ ಉಗ್ರಾಣದ ಬಾಗಿಲಿನಿಂದಲೇ ಹಿಂದೆ ಬಿದ್ದಿದ್ದನೆಂದು ತಿಳಿದದ್ದು ಮಚ್ಚು ತಾಗಿದಾಗ.

ಈಗ ಬಸ್ಸು ಕೆಮ್ಮಿತು.

ಆಗ ಪೆಟ್ರೋಲಿಗೆ ರೇಷನ್ನು. ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿ ಇದ್ದಿಲಿನ ಹೊಗೆಯಿಂದ ಓಡಿಸುತ್ತಿದ್ದರು. ಸಮತಟ್ಟಿನಲ್ಲಿ ಓಡುತ್ತಿತ್ತು. ದಿಣ್ಣೆ ಸಿಕ್ಕಿದರೆ ಮೊಂಡು ಎತ್ತಿನಂತೆ ನಿಲ್ಲುತ್ತಿತ್ತು.

ನಿಂತಿತು.

"ಗಂಡಸ್ರೆಲ್ಲಾ ಇಳೀರಪ್ಪಾ, ತಳ್ಬೇಕು," ಎಂದ ಕಂಡಕ್ಟರು.

ಗಂಡಸರೆಲ್ಲ ಇಳಿದರು. ಸೊಣ್ಣಪ್ಪ ಅಲ್ಲಾಡಲಿಲ್ಲ.

"ಏನಣ್ಣೋ, ನೀನೇನ್ ಬಸುರಿಯಾ? ಇಳಿ ಇಳಿ."

ಹೆಂಗಸರು ಕಿಸಕ್ಕೆಂದರು. ಸೊಣ್ಣಪ್ಪನ ಮುಖ ಕೆಂಪಾಯಿತು. ಮಚ್ಚನ್ನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಇಲ್ಲೇ ಕೂತಿರಿ," ಎಂದು ನನ್ನ ಕಿವಿಯಲ್ಲಿ ಹೇಳಿ ಇಳಿದ.

ನಾನು ಎದ್ದು ಡ್ರೈವರ್ ಅಪ್ಪಯ್ಯಣ್ಣನ ಬಳಿಗೆ ಹೋದೆ. ಹಿಂದೆ ಗಂಡಸರು ತಳ್ಳುತ್ತಿದ್ದರು. ದಿಣ್ಣೆಯ ನೆತ್ತಿ ಹತ್ತಿರವಾಯಿತು. ಇಂಜಿನ್ ಹಿಡಿಯಿತು.

"ಬಿಡಿ, ಅಪ್ಪಯ್ಯಣ್ಣ."

"ಏನ್ ಬಿಡ್ಲಿ ತಾಯಿ? ಬಸ್ ಬಿಡ್ಲಾ, ತಳ್ಳೋರ್ನ ಬಿಡ್ಲಾ?"

ಎಂಥ ಮನುಷ್ಯ ನೋಡು. ಕೇಳಿದ. ಆ ಒಂದು ಪ್ರಶ್ನೆಯನ್ನು ನಮ್ಮ ಸಂಘದಲ್ಲಿ ಯಾರಾದರೂ ಕೇಳುವಂತಿದ್ದಿದ್ದರೆ...

"ಸೊಂಟದಲ್ಲಿ ಮಚ್ಚಿರೋನ್ನ ಬಿಡಿ. ಮಿಕ್ಕೋರು ಹತ್ತಲಿ."

ಅವನು ಕನ್ನಡಿಯಲ್ಲಿ ಒಮ್ಮೆ ನೋಡಿದ. ಯಾಕೆ, ಏನು ಎನ್ನಲಿಲ್ಲ. "ಗಟ್ಟಿಯಾಗ್ ಹಿಡ್ಕೊಳಿ," ಎಂದ.

ಆ ದಾರಿಯವರಿಗೆ ಓಡುವ ಬಸ್ಸು ಹತ್ತುವುದು ರೂಢಿ. ಒಬ್ಬೊಬ್ಬರೇ ಹಾರಿಕೊಂಡರು. ಸೊಣ್ಣಪ್ಪನೂ ಓಡಿ ಬಂದ. ಮಚ್ಚು ಜಾರಿತು. ಒಂದು ಕೈಯಲ್ಲಿ ಅದನ್ನು ಹಿಡಿದ, ಇನ್ನೊಂದು ಕೈಯಲ್ಲಿ ಬಾಗಿಲ ಸರಳು. ಹತ್ತಲು ಎರಡು ಕೈಯೂ ಬೇಕಿತ್ತು.

ಸೊಣ್ಣಪ್ಪ ಮಚ್ಚು ಬಿಡಲಿಲ್ಲ. ಆದ್ದರಿಂದ ಬಸ್ಸು ಬಿಡಬೇಕಾಯಿತು.

ಅಪ್ಪಯ್ಯಣ್ಣ ನಿಲ್ದಾಣದಲ್ಲಿ ನಿಲ್ಲಿಸಲೇ ಇಲ್ಲ. ನಾನು ಹೇಳಿದಂತೆ ನೇರ ದೊಡ್ಡಬೆಳವಂಗಲದ ಚಾವಡಿಯ ಮುಂದೆಯೇ ತಂದು ನಿಲ್ಲಿಸಿದ.

ಹೊಂಗೆ ಮರದ ಕೆಳಗೆ ಮಕ್ಕಳ ಸಾಲು. ಸ್ಟವ್ ಮೇಲೆ ಸೂಜಿ ಕುದಿಯುತ್ತಿತ್ತು. ನರಸಿಂಹಯ್ಯ ಒಂದು ಹುಡುಗಿಯ ತೋಳು ಹಿಡಿದಿದ್ದ.

"ನಿಲ್ಸಿ. ಚುಚ್ಚಬೇಡಿ."

"ಅದ್ ಹ್ಯಾಗೆ ಸಿಸ್ಟರ್? ಮೇಲಿಂದ ಬಂದ ಮಾತು. ನಿಲ್ಸೋದಾದ್ರೆ ಡಾಕ್ಟ್ರು ಹೇಳ್ಬೇಕು."

"ಈ ಮದ್ದು ಹಾಕ್ಸಿಕೊಂಡೋರು ನೆಲಮಂಗಲದ ಹತ್ರ ಸತ್ತಿದಾರೆ ನರಸಿಂಹಯ್ಯ. ಈಗ ನಾನು ಹೇಳಿದ್ದನ್ನ ತಿರುಗಿ ಹೇಳಿ."

ಅವನು ಪೆಟ್ಟಿಗೆಯ ಕಡೆ ನೋಡಿದ. "ಚುಚ್ಚಬೇಡಿ... ಅಂದ್ರಿ."

ಹುಡುಗಿಯ ತೋಳು ಬಿಟ್ಟ.

ನಾನು ಉಸಿರು ಬಿಟ್ಟೆ. "ಯಾರಿಗೂ ಹಾಕಿಲ್ಲ ತಾನೇ?"

ಅವನು ಚಾವಡಿಯ ಜಗಲಿಯ ಕಡೆ ನೋಡಿದ. ಅಲ್ಲಿ ಕದಿರಮ್ಮ ಎಂಬ ಮುದುಕಿ ಕೂತಿದ್ದಳು. ಒಂದು ಕೈಯಿಂದ ತೋಳು ಒತ್ತಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಮಜ್ಜಿಗೆಯ ಚೆಂಬು.

"ಐಕ್ಳು ಹೆದ್ರುಕೊಂಡಿದ್ವು ಕಣವ್ವ," ಎಂದಳು. "ನೋಯಾಕಿಲ್ಲ ಅಂತ ತೋರ್ಸಾನ ಅಂತ ನಾನೇ ಮೊದ್ಲು ಹಾಕುಸ್ಕೊಂಡೆ. ಬಿಸ್ಲಲ್ಲಿ ಬಂದಿದೀಯ. ಕುಡಿ."

ಕುಡಿದೆ. ಕುಡಿಯದೆ ಏನು ಮಾಡಲಿ?

ಅಲ್ಲೇ ಉಳಿದೆ. ಮಾಡಬಹುದಾದದ್ದನ್ನೆಲ್ಲ ಮಾಡಿದೆ. ಜ್ವರದ ನಡುವೆಯೂ ಅವಳು ನನ್ನದು ಊಟವಾಯಿತೇ ಎಂದು ಕೇಳುತ್ತಿದ್ದಳು. ಮೂರನೆಯ ಬೆಳಿಗ್ಗೆ ಕೇಳಲಿಲ್ಲ.

ವಿಚಾರಣೆ ನಡೆದದ್ದು ದೊಡ್ಡಬಳ್ಳಾಪುರದ ಪ್ರವಾಸಿ ಬಂಗಲೆಯಲ್ಲಿ. ಜಿನೀವಾದಿಂದ ಒಬ್ಬ ಮುದುಕ ಬಂದಿದ್ದರು. ಪಕ್ಕದಲ್ಲಿ ನಮ್ಮ ಮಾತು ಬಲ್ಲ ಮದರಾಸಿನ ಡಾಕ್ಟರು, ಅವರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಬಾಗಿಲಲ್ಲಿ ಪೊಲೀಸ್ ಇನ್ಸ್‌ಪೆಕ್ಟರು. ಗೋಪಾಲಪ್ಪ ಪೇಟ ಕೈಯಲ್ಲಿ ಹಿಡಿದು ವರಾಂಡದಲ್ಲೇ ನಿಂತಿದ್ದ. ಕೆಳಗಿನವರು ಸಭೆಯಲ್ಲಿ ಮಾತಾಡುವಂತಿರಲಿಲ್ಲ.

ಜಿನೀವಾದ ಮುದುಕ ಅವನನ್ನು ನೋಡಿದರು. ಎದ್ದು ಹೋಗಿ ಕರೆತಂದರು. ತಾವೇ ಒಂದು ಕುರ್ಚಿ ಎಳೆದು ಕೊಟ್ಟರು.

ಗೋಪಾಲಪ್ಪ ಕುರ್ಚಿಯ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದ.

ವೆಂಕಟರಾಯಪ್ಪ ಕನ್ನಡಕ ಒರೆಸಿಕೊಂಡರು.

"ತಂತಿ ನನಗೆ ತಲುಪಲೇ ಇಲ್ಲ. ಮದ್ದಿನಲ್ಲಿ ದೋಷ ಇದೆ ಅಂತ ನನಗೆ ಯಾರೂ ಹೇಳಿಲ್ಲ. ಇವತ್ತಿಗೂ ಅದು ಶುದ್ಧವಾಗಿದೆ ಅಂತಲೇ ನನ್ನ ನಂಬಿಕೆ. ಸತ್ತವರು ಕಾಲರಾದಲ್ಲಿ ಸತ್ತರು. ಪಾಪ."

"ಶುದ್ಧ ಅಂತೀರಾ?" ಎಂದೆ.

"ಶುದ್ಧ."

ನಾನು ಮೇಜಿನ ಮೇಲೆ ದೊಡ್ಡಬೆಳವಂಗಲದ ಪೆಟ್ಟಿಗೆ ಇಟ್ಟೆ. ಪಕ್ಕದಲ್ಲಿ ತುಂಬಿದ ಸಿರಿಂಜು.

"ಹಾಗಾದ್ರೆ ತೋಳು ಕೊಡಿ ಡಾಕ್ಟ್ರೇ. ಊರಲ್ಲಿ ಕಾಲರಾ ಇದೆ."

ಅವರು ನಗಲು ನೋಡಿದರು. ನಾನು ಅವರ ಮಣಿಕಟ್ಟು ಹಿಡಿದೆ. ಸೈನಿಕರನ್ನು ಹಿಡಿದು ಮಲಗಿಸಿದ ಕೈ ಇದು. ಸುಲಭಕ್ಕೆ ಬಿಡಿಸಿಕೊಳ್ಳಲಾಗದು.

"ಬಿಡಿ," ಎಂದರು. "ಬಿಡಿ, ಬಿಡಿ ಸಿಸ್ಟರ್..."

"ಏನ್ ಬಿಡ್ಲಿ? ಕೈ ಬಿಡ್ಲಾ, ಮದ್ದು ಒಳಗ್ ಬಿಡ್ಲಾ?"

ಸೂಜಿ ಅವರ ಚರ್ಮಕ್ಕೆ ತಾಗಿತು.

"ಚುಚ್ಚಬೇಡ! ಅದ್ರಲ್ಲಿ ಸೋಂಕಿದೆ. ಜಿನೀವಾದಿಂದ ತಂತಿ ಬಂದಿದೆ, ಹಾಕಿದ್ರೆ ಸಾಯ್ತೀನಿ!"

ಎಷ್ಟು ಸ್ಪಷ್ಟವಾದ ಮಾತು. ಒಂದಕ್ಕೆ ಎರಡು ಅರ್ಥವಿಲ್ಲ.

ಮದರಾಸಿನ ಡಾಕ್ಟರು ಅದನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. ಜಿನೀವಾದ ಮುದುಕ ಕಣ್ಣು ಮುಚ್ಚಿಕೊಂಡರು.

ನಾನು ಸಿರಿಂಜನ್ನು ಕಿಟಕಿಯಾಚೆ ಖಾಲಿ ಮಾಡಿದೆ. ಅದರಲ್ಲಿದ್ದದ್ದು ಬಂಗಲೆಯ ಅಡಿಗೆಯವನು ಕಾಯಿಸಿ ಕೊಟ್ಟ ನೀರು, ಅಷ್ಟೆ.

ಆ ಸಂಜೆಯೇ ಸಂಘದ ಕಟ್ಟಳೆ ಬದಲಾಯಿತು. ಮೇಲಿಂದ ಬಂದ ಮಾತನ್ನು ಕೇಳಿದವರು ತಿರುಗಿ ಹೇಳಬೇಕು. ಅನುಮಾನವಿದ್ದರೆ ಉಗ್ರಾಣದವನೂ ನೇರವಾಗಿ ಜಿನೀವಾಕ್ಕೆ ತಂತಿ ಕೊಡಬಹುದು. ನಾಲ್ಕು ಜೀವ ತೆತ್ತು ಕೊಂಡ ಬುದ್ಧಿ.

ಇನ್ಸ್‌ಪೆಕ್ಟರು ವೆಂಕಟರಾಯಪ್ಪನವರ ರಟ್ಟೆ ಹಿಡಿದರು. ಮೆಟ್ಟಿಲ ಬಳಿ ಅವರು ನನ್ನತ್ತ ತಿರುಗಿದರು.

"ಆದದ್ದಾಯ್ತು ಸಿಸ್ಟರ್. ಸಂಘದ ಮಾನದ ಪ್ರಶ್ನೆ. ಬಿಡೋಕೆ ಹೇಳಿ."

ಕದಿರಮ್ಮನ ಮಜ್ಜಿಗೆ ಇನ್ನೂ ನನ್ನ ಗಂಟಲಲ್ಲೇ ಇತ್ತು.

"ಬಿಡಬೇಡಿ ಇನ್ಸ್‌ಪೆಕ್ಟ್ರೇ," ಎಂದೆ. "ಎಲ್ಲಿ, ತಿರುಗಿ ಹೇಳಿ."

"ಬಿಡಲ್ಲ," ಎಂದರು ಅವರು.

ಹೂಂ ಅಂದೆ.