ಆರರಿಂದ ಎಂಟರ ಕಳ್ಳ

ಬೆಳಿಗ್ಗೆ ಆರಕ್ಕೆ ಮತ್ತೆ ನೀರು ಮಾಯ! ಹತ್ತು ದಿನದಿಂದ ಇದೇ ಗೋಳು. ಎರಡೂ ಮನೆಯವರು ಬಿಂದಿಗೆ ಹಿಡಿದು ಹಿತ್ತಲಿನ ಬಾವಿಗೆ ಬಂದರು. ಮಹಡಿಯ ಮೇಲಿನ ಅಣ್ಣ ಕೆಳಗಿನ ತಮ್ಮನನ್ನು ಬೈದ, ತಮ್ಮ ಅಣ್ಣನನ್ನು ಬೈದ. ಎಂಟಕ್ಕೆ ನೀರು ತಾನಾಗಿ ಬಂತು. ಬೈಗುಳ ಮಾತ್ರ ನಿಲ್ಲಲಿಲ್ಲ. ಇನ್ನು ತೊಟ್ಟಿ ಎರಡು, ಪೈಪು ಎರಡು, ಹಿತ್ತಲಿನ ನಡುವೆ ಗೋಡೆ ಎಂದು ತೀರ್ಮಾನಿಸಿ ನನ್ನನ್ನು ಕರೆಸಿದರು.

ನಾನು ಪ್ಲಂಬರು. ಮನೆ ಒಡೆದರೆ ನನಗೆ ಕೆಲಸ. ಸುಳ್ಳೇಕೆ, ಖುಷಿಯಾಯಿತು.

ಅಷ್ಟರಲ್ಲಿ ಮೀಟರಕ್ಕ ಬಂದರು. ನೀರಿನ ಮೀಟರು ಓದಿ ನಿವೃತ್ತರಾದ ಪಕ್ಕದ ಮನೆಯಾಕೆ. ಬೀದಿಯ ಉಸಾಬರಿಯೆಲ್ಲ ಅವರದೇ.

“ಗರಗಸ ಕೆಳಗಿಡಪ್ಪ. ಮೀಟರು ನೋಡಿದೆ — ಒಂದು ಬಿಂದಿಗೆಯೂ ಹೆಚ್ಚು ಓಡಿಲ್ಲ. ನೀರು ಕಳುವಾಗಿಲ್ಲ. ಯಾರೋ ತಡೀತಿದ್ದಾರೆ.”

“ಇವನೇ!”

“ಅವನೇ!”

ಎರಡೂ ಮನೆ ಹೊಕ್ಕೆವು. ಬಕೆಟ್ಟು, ಕುಕ್ಕರು, ಕೊನೆಗೆ ಹೂದಾನಿಯಲ್ಲೂ ನೀರು!

“ಇಷ್ಟೆಲ್ಲ ತುಂಬಿಟ್ಟು ಬೆಳಿಗ್ಗೆ ಬಾವಿಗ್ಯಾಕೆ ಹೋಗ್ತೀರಿ?” ಎಂದರು ಮೀಟರಕ್ಕ.

“ಇದನ್ನ ಖರ್ಚು ಮಾಡಿದ್ರೆ ನಾಳೆಗೆ?” ಎಂದರು ಸೊಸೆಯರಿಬ್ಬರೂ ಒಟ್ಟಿಗೆ.

ಕೊನೆಗೆ ಕೆಳಗಿನ ಮನೆಯಲ್ಲಿ ಅಣ್ಣತಮ್ಮಂದಿರ ಅಮ್ಮನ ಕೋಣೆ. ಮಂಚ, ಬಾವಿಯತ್ತ ಕಿಟಕಿ, ಒಂದು ಚೊಂಬು ನೀರು.

“ಅಮ್ಮನ್ನ ಬಿಡಿ ಅಕ್ಕ,” ಎಂದ ತಮ್ಮ. “ಮಂಡಿನೋವು. ತೊಟ್ಟಿ ತನಕ ಹತ್ತೋಕಾಗಲ್ಲ.”

“ಹತ್ತೋದ್ಯಾಕೆ? ನೀರು ನಿಲ್ಲಿಸೋ ವಾಲ್ವು ಮೆಟ್ಟಿಲ ಕೆಳಗೇ ಇಲ್ವಾ?”

ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅದನ್ನು ಕೂರಿಸಿದವನೇ ನಾನು.

ಮೀಟರಕ್ಕ ಚೊಂಬು ಎತ್ತಿ ತೋರಿಸಿದರು. “ನೀವೆಲ್ಲ ಹೂದಾನೀನೂ ಬಿಟ್ಟಿಲ್ಲ. ಇವರ ಹತ್ರ ಮಾತ್ರ ಇಷ್ಟೇ. ಎಂಟಕ್ಕೆ ನೀರು ಬಂದೇ ಬರುತ್ತೆ ಅಂತ ಗೊತ್ತಿರೋರು ಯಾಕೆ ಕೂಡಿಡ್ತಾರೆ? ವಾಲ್ವು ತಿರುಗಿಸ್ತಿರೋದು ನೀವೇ ಅಲ್ವಾ ಅಮ್ಮಾ?”

ಅಮ್ಮ ನಾಚಲೂ ಇಲ್ಲ, ಅಳುಕಲೂ ಇಲ್ಲ.

“ಹೌದು ಕಣ್ರೋ, ನಾನೇ. ಒಲೆ ಎರಡಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದ್ರಾ? ನೀರು ನಿಂತರೆ ಎಲ್ಲಾ ಬಾವಿ ಹತ್ರ ಬರ್ತೀರಿ. ಬೈಯೋಕಾದ್ರೂ ಮಾತಾಡ್ತೀರಿ. ಈ ಕಿಟಕೀಲಿ ನನ್ನ ಮಕ್ಕಳಿಬ್ಬರೂ ಒಟ್ಟಿಗೆ ಕಾಣ್ತೀರಿ. ಗೋಡೆ ಎದ್ರೆ ನಂಗೆ ಅದೂ ಇಲ್ಲ.”

ನಾನು ಗರಗಸವನ್ನು ಚೀಲಕ್ಕೆ ಸೇರಿಸಿದೆ.

“ಗೋಡೆ ಬೇಡ ಬಿಡಪ್ಪ,” ಎಂದ ಅಣ್ಣ, ನನ್ನ ಮುಖ ನೋಡದೆ.

ತಮ್ಮ ತಲೆ ಕೆರೆದುಕೊಂಡ. “ಅಣ್ಣಾ... ಇಲ್ಲಿ ಊಟದ ಮೇಜು ಹಿಡಿಸುತ್ತಾ? ಎಲ್ಲರಿಗೂ ಆಗೋಂಥದ್ದು?”

ಹೋದ ಕೆಲಸ ಹೋಯಿತು. ಟೇಪು ಬಿಚ್ಚಿ, ಅಮ್ಮನ ಮಂಚದಿಂದ ಗೋಡೆಯವರೆಗೆ ಅಳತೆ ಹಿಡಿದೆ.