ಮೇಣ ಮೆತ್ತಿದ ಹಾಡು

“ಅದು ಮಾರೋಕಿಟ್ಟಿದ್ದಲ್ಲ ಮಗಾ. ಇತ್ತ ಕೊಡು,” ಎಂದಳು ಪಾಗೋನಾ ಅಜ್ಜಿ.

ಆರ್ಗಿರಿಸ್ ಕೊಡಲಿಲ್ಲ. ಯಾನಿನಾ ಊರಿನ ಸರೋವರದ ದಂಡೆಯಲ್ಲಿ ಭಾನುವಾರದ ಹಳೆ ಸಾಮಾನಿನ ಸಂತೆ ನಡೆದಿತ್ತು. ಆ ಊರಿಗೆ ಬಂದು ಕನ್ನಡಕದ ಅಂಗಡಿ ತೆರೆದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಆದರೂ ಸಂತೆಯ ಯಾವ ಮೂಲೆಯಲ್ಲಿ ರೆಕಾರ್ಡಿನ ಪೆಟ್ಟಿಗೆ ಇಳಿಯುತ್ತದೆಂದು ಅಲ್ಲಿಯ ಬೀದಿನಾಯಿಗಳಿಗಿಂತ ಚೆನ್ನಾಗಿ ಬಲ್ಲ. ಈಗ ಕೈಗೆ ಸಿಕ್ಕಿದ್ದಕ್ಕೆ ಕಂಪನಿಯ ಹೆಸರಿಲ್ಲ, ಹಾಡಿನ ಹೆಸರೂ ಇಲ್ಲ. ಯಾರೋ ಹಳ್ಳಿಯವರು ತಾವೇ ಅಚ್ಚು ಹಾಕಿಸಿದ ವಿನೈಲ್. ಇಂಥದ್ದೊಂದು ಸಿಕ್ಕಿದರೆ ರೆಕಾರ್ಡಿನ ಹುಚ್ಚರು ಮೂರು ದಿನ ನಿದ್ದೆ ಮಾಡುವುದಿಲ್ಲ. ಅದರ ಗೆರೆಗಳ ನಟ್ಟನಡುವೆ ಮಾತ್ರ ಬೆರಳಗಲಕ್ಕೆ ಸುತ್ತಲೂ ಯಾರೋ ಮೇಣ ಮೆತ್ತಿದ್ದರು. ಚರ್ಚಿನ ಬತ್ತಿಯ ಹಳದಿ ಮೇಣ.

ಅಜ್ಜಿ ರೆಕಾರ್ಡನ್ನು ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು. ಹಾಡಿದವಳು ಅವಳ ಚಿಕ್ಕಮ್ಮನಂತೆ. ದೀಕ್ಷಾಸ್ನಾನವಾಗಿ ಹೆಸರಿಡುವ ಮೊದಲೇ ಅವಳ ಕೂಸು ಸತ್ತಿತು. ಪಾದ್ರಿ ಚರ್ಚಿನ ಅಂಗಳದಲ್ಲಿ ಹೂಳಲು ಬಿಡಲಿಲ್ಲ. ಹೆಸರಿಲ್ಲದ ಕೂಸನ್ನು ಏನೆಂದು ಕರೆದು ಅಳಬೇಕು? ಅವಳು ಮೇಲಿನ ಹಳ್ಳಿಯ ಮಾಟಗಾತಿಯ ಹತ್ತಿರ ಹೋಗಿಬಂದಳು. ಕೂಸಿನ ಗುಂಡಿಯ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಶೋಕಗೀತೆ ಹಾಡಿದಳು. ನಡುವೆ ಹೆಸರಿನ ಜಾಗವನ್ನು ಖಾಲಿ ಬಿಟ್ಟಳು. ಆ ಜಾಗದ ಮೇಲೇ ಈ ಮೇಣ.

“ನಿನ್ನ ಮನೇಲಿ ಹೆಸರಿಡದ ಕೂಸಿದೆಯಾ?” ಎಂದು ಕೇಳಿದಳು ಅಜ್ಜಿ.

“ಇದೆ. ಯಾಕಜ್ಜಿ, ನಿಮ್ಮ ಪ್ಲೇಟು ನಾಮಕರಣ ಮಾಡುತ್ತಾ?”

“ಮಾಡುತ್ತೆ. ಆ ಹೆಸರು ಹಿಡಿದು ಚಿಕ್ಕಮ್ಮ ಕರೀತಾಳೆ. ಓಗೊಟ್ಟವರು ಹೋಗಬೇಕು. ಬರಿಗೈಲಿ ಅವಳು ವಾಪಸ್ ಹೋಗೋಳಲ್ಲ.”

ಆರ್ಗಿರಿಸ್ ನಕ್ಕ. ಬೇಕಾದದ್ದರ ಮೇಲೆ ಕಣ್ಣಿಡದೆ ಬೇಡದ್ದಕ್ಕೆ ಚೌಕಾಸಿ ಮಾಡುವುದು ಈ ಹುಚ್ಚಿನ ಮೊದಲ ಪಾಠ. ಮದುವೆ ಹಾಡಿನ ನಾಲ್ಕು ರೆಕಾರ್ಡುಗಳಿಗೆ ಬೆಲೆ ಹೆಚ್ಚಾಯಿತೆಂದು ಬೇಕೆಂದೇ ಜಗಳ ತೆಗೆದ. ಅಜ್ಜಿ ಗೊಣಗುತ್ತ ಎದ್ದು ಕಟ್ಟಿಕೊಡಲು ಹಳೆ ಪೇಪರು ಹುಡುಕತೊಡಗಿದಳು. ಅಷ್ಟರಲ್ಲಿ ಕುರ್ಚಿಯ ಮೇಲೆ ಉಳಿದಿದ್ದ ಮೇಣದ ರೆಕಾರ್ಡು ಮದುವೆ ಹಾಡಿನ ಕವರಿನೊಳಗೆ ಸೇರಿತ್ತು. ಕದ್ದೆನೆಂದು ಅವನಿಗೆ ಅನ್ನಿಸಲೇ ಇಲ್ಲ. ಉಳಿಸಿದೆ ಅಂದುಕೊಂಡ.

ಮಗುವಿಗೆ ನಾಲ್ಕು ತಿಂಗಳು. ಹೆಂಡತಿ ಮಿರ್ಸಿನಿ ಮತ್ತೆ ಶಾಲೆಯ ಕೆಲಸಕ್ಕೆ ಹೋಗತೊಡಗಿದ್ದರಿಂದ ಮಗುವನ್ನು ನೋಡಿಕೊಳ್ಳಲು ಅವನ ತಾಯಿ ಎವಾಂಥಿಯಾ ಪಿರಿಯಾಸ್ ಊರಿನಿಂದ ಬಂದಿದ್ದಳು. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ಎಲ್ಲರ ಮನೆಯ ಪದ್ಧತಿ. ಇವನಿಗೆ ಪಾದ್ರಿಗಳೂ ಬೇಡ, ಪದ್ಧತಿಯೂ ಬೇಡ. ಹೆಸರಿಲ್ಲದ ಮಗು ಎಲ್ಲರ ಬಾಯಲ್ಲಿ ‘ಬೇಬಾ’, ಅಂದರೆ ಬರೀ ಪಾಪು, ಆಗಿ ಬೆಳೆಯುತ್ತಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಅವನು ಪಾಗೋನಾ ಅಜ್ಜಿಯ ಕತೆಯನ್ನು ಅವಳದೇ ದನಿಯಲ್ಲಿ ಅಣಕಿಸಿ ಹೇಳಿದ. ತಾಯಿ ನಗಲಿಲ್ಲ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

“ನೀರಿನ ಸ್ನಾನ ಬೇಡವಾದ್ರೆ ಬಿಡಪ್ಪ. ಗಾಳಿಯಲ್ಲಾದರೂ ಮೂರು ಸಲ ಎತ್ತಿ ಒಂದು ಹೆಸರು ಹೇಳು. ಜೀವ ಹೋಗೋ ಕೂಸಿಗೆ ನಮ್ಮೂರಲ್ಲಿ ಹಾಗೇ ಮಾಡ್ತಿದ್ರು, ಪಾದ್ರಿ ಬರೋವರೆಗೂ ಕಾಯ್ತಿರಲಿಲ್ಲ.”

“ಎವಾಂಥಿಯಾ ಅಂತ ಇಟ್ಟರೆ ನಾಳೆ ಬೆಳಿಗ್ಗೆಯೇ ಮಂಡಿನೋವು ಅನ್ನುತ್ತಮ್ಮ ನಿನ್ನ ಮೊಮ್ಮಗಳು,” ಎಂದ ಅವನು. ಈ ಮಾತಿಗೆ ತಾಯಿಯೂ ನಕ್ಕಳು. ತೊಟ್ಟಿಲ ಹೊದಿಕೆಯ ಮೂಲೆಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಗುಟ್ಟಾಗಿ ಹೆಣೆದಿದ್ದಳು, ಪಾಪ.

ಕೊಳೆಯಾದ ರೆಕಾರ್ಡನ್ನು ಕೊಳೆಯಾಗಿಯೇ ಬಿಡುವುದು ಇಂಥ ಹುಚ್ಚರ ಕೈಲಾಗದ ಕೆಲಸ. ಮಲಗುವ ಮೊದಲು ಆರ್ಗಿರಿಸ್ ಮೇಣವನ್ನು ಬೆಚ್ಚಗೆ ಮಾಡಿ ಹತ್ತಿಯಿಂದ ಒರೆಸಿದ. ಗೆರೆಗಳಲ್ಲಿ ಉಳಿದದ್ದಕ್ಕೆ ಬಡಗಿಗಳ ಬಿಳಿ ಗೋಂದು ಸುರಿದು ಒಣಗಲು ಬಿಟ್ಟ. ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಒಣಗಿದ ಗೋಂದನ್ನು ಹಾವಿನ ಪೊರೆಯ ಹಾಗೆ ಒಂದೇ ಎಳೆತಕ್ಕೆ ಸುಲಿದ. ಮೇಣ ಪೂರ್ತಿ ಕಿತ್ತುಬಂತು. ಗೆರೆಗಳು ಹೊಸದರಂತೆ ಹೊಳೆದವು.

ಊರೆಲ್ಲ ಊಟದ ನಿದ್ದೆಯಲ್ಲಿತ್ತು. ಬಿಸಿಲಿಗೆ ಹೆದರಿ ಮುಚ್ಚಿದ ಕಿಟಕಿಗಳು, ಒಳಗೆ ಕಂದು ಕತ್ತಲೆ. ತಾಯಿ ಅಡುಗೆಮನೆಯ ದಿವಾನಿನ ಮೇಲೆ ಒರಗಿದ್ದಳು. ರೆಕಾರ್ಡಿನ ಕೋಣೆ ತಂಪಾಗಿದ್ದುದರಿಂದ ತೊಟ್ಟಿಲು ಅಲ್ಲೇ ಇತ್ತು. ಅವನು ಮುಳ್ಳನ್ನು ಮೆಲ್ಲಗೆ ಇಳಿಸಿದ.

ಮೊದಲು ಚಟಪಟ ಸದ್ದು. ಆಮೇಲೆ ಒಂದು ಹೆಣ್ಣುದನಿ. ಹಾಡುತ್ತಿದ್ದಾಳೋ ಗಂಟಲಿನಿಂದ ಏನನ್ನೋ ಎಳೆದು ತೆಗೆಯುತ್ತಿದ್ದಾಳೋ ತಿಳಿಯದು. ಒಂದೊಂದು ಶಬ್ದದಡಿಯೂ ಮಣ್ಣು ಕರಕರ ಎನ್ನುತ್ತಿತ್ತು. ಅವನಿಗೆ ಖುಷಿಯಿಂದ ಮೈ ಜುಮ್ಮೆಂದಿತು. ಇಂಥ ದನಿ ಅವನ ಸಂಗ್ರಹದಲ್ಲೇ ಇರಲಿಲ್ಲ.

ಮುಳ್ಳು ಮೇಣವಿದ್ದ ಜಾಗಕ್ಕೆ ಬಂತು. “ಬಾ, ನನ್ನ...” ಎಂದು ಹಾಡು ನಿಂತಿತು. ಬರೀ ಉಸಿರಾಟ. ಅದು ಸ್ಪೀಕರಿನಿಂದ ಬರುತ್ತಿರಲಿಲ್ಲ. ತೊಟ್ಟಿಲ ಕಡೆಯಿಂದ ಬರುತ್ತಿತ್ತು.

ಕೋಣೆಯಲ್ಲಿ ಹಸಿ ಮಣ್ಣಿನ ವಾಸನೆ. ಸುಟ್ಟ ಬತ್ತಿಯ ವಾಸನೆ. ಮಗು ಯಾರೋ ಬಾಗಿ ನಿಂತಿರುವಂತೆ ಮೇಲೆ ನೋಡುತ್ತಿತ್ತು. ಎರಡೂ ಕೈ ಚಾಚಿತ್ತು. ತುಟಿ ನೀಲಿಯಾಗಿತ್ತು.

“ಬಾ, ನನ್ನ...”

ಅವನು ಮುಳ್ಳನ್ನು ಎತ್ತಿದ. ದನಿ ನಿಲ್ಲಲಿಲ್ಲ. ತಂತಿ ಕಿತ್ತ. ರೆಕಾರ್ಡು ತಿರುಗುತ್ತಲೇ ಇತ್ತು. ಮಗುವಿನ ಪಾದ ಮುಟ್ಟಿದ. ಮಂಜುಗಡ್ಡೆ. ಹಾಡುವವಳು ನಾಲಿಗೆ ಹೊರಳಿಸುವ ಸದ್ದು ಕೇಳಿಸಿತು. ಹೆಸರು ಹುಡುಕುತ್ತಿದ್ದಾಳೆ. ಅವಳಿಗಿಂತ ಮೊದಲು ಹೇಳಬೇಕು. ಈಗಲೇ ಹೇಳಬೇಕು. ಅವನು ಮಗುವನ್ನು ಬಾಚಿ ಮೇಲೆತ್ತಿದ. ದೇವರನ್ನು ನಂಬದವನ ಬಾಯಲ್ಲಿ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಬಂತು. ಒಂದು ಸಲ. ಎರಡು ಸಲ. ಮೂರನೆಯ ಸಲ ಎತ್ತುವಾಗ ಮಗುವಿಗೊಂದು ಹೆಸರು ಬೇಕಾಯಿತು. ತಾನೂ ಮಿರ್ಸಿನಿಯೂ ತಿಂಗಳುಗಟ್ಟಲೆ ಆಡಿದ ಹೆಸರುಗಳಲ್ಲಿ ಒಂದೂ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಬಲ್ಲ ಒಂದೇ ಒಂದು ಹೆಸರು ನಾಲಿಗೆಗೆ ಬಂತು.

“ದೇವರ ದಾಸಿ ಎವಾಂಥಿಯಾ!”

ಮಗು ಕಿಟಾರನೆ ಅತ್ತಿತು. ಮುಖಕ್ಕೆ ಬಣ್ಣ ಬಂತು. ಆರ್ಗಿರಿಸ್ ಅದನ್ನು ಎದೆಗೊತ್ತಿಕೊಂಡು ತಾನೂ ಅತ್ತ.

ಆಗ ಸ್ಪೀಕರಿನಿಂದ ತೃಪ್ತಿಯ ದನಿ ಬಂತು. ಖಾಲಿ ಜಾಗ ತುಂಬಿತ್ತು.

“ಬಾ, ನನ್ನ ಎವಾಂಥಿಯಾ.”

ಮಗುವಿನ ಅಳು ಥಟ್ಟನೆ ನಿಂತಿತು. ದನಿ ಬಂದತ್ತ ಕತ್ತು ತಿರುಗಿಸಿ ಓಗೊಡಲು ಬಾಯಿ ತೆರೆಯಿತು. ಆರ್ಗಿರಿಸ್ ಅದರ ಬಾಯಿಗೆ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಬಾಗಿಲಾಚೆಯಿಂದ ಇನ್ನೊಂದು ದನಿ ಕೇಳಿಸಿತು.

“ನಾನಿಲ್ಲಿದ್ದೀನಿ. ಬಂದೆ.”

ರೆಕಾರ್ಡು ನಿಂತಿತು.

ತಾಯಿ ದಿವಾನಿನ ಮೇಲಿರಲಿಲ್ಲ. ಕೋಣೆಯ ಹೊಸ್ತಿಲಾಚೆ ಗೋಡೆಗೊರಗಿ ಕುಳಿತಿದ್ದಳು, ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ. ಅವನು ಮಗುವಿಗೆ ಹೆಸರಿಟ್ಟದ್ದನ್ನು ಅಲ್ಲಿಂದಲೇ ಕೇಳಿದ್ದಳು. ಆಸೆಪಟ್ಟ ಹೆಸರು ಮೊಮ್ಮಗಳಿಗೆ ಸಿಕ್ಕಿದ ಕ್ಷಣದಲ್ಲೇ, ಆ ಹೆಸರಿಗೆ ಬಂದ ಕರೆಯನ್ನು ತಾನು ತೆಗೆದುಕೊಂಡಿದ್ದಳು. ಅವಳ ತುಟಿಯಂಚಿನಲ್ಲಿ ಹಸಿ ಮಣ್ಣಿತ್ತು.

ಗಾಳಿಯಲ್ಲಿ ಎತ್ತಿ ಇಟ್ಟ ಹೆಸರನ್ನು ಬದಲಿಸಲಾಗದು ಎಂದರು ಪಾದ್ರಿ. ಬದಲಿಸುವ ಮನಸ್ಸು ಆರ್ಗಿರಿಸ್‌ಗೂ ಇರಲಿಲ್ಲ. ರೆಕಾರ್ಡನ್ನು ಪಾಗೋನಾ ಅಜ್ಜಿಗೆ ಹಿಂದಿರುಗಿಸಿದ. ಅವಳು ಬೆಳಕಿಗೆ ಹಿಡಿದು ನೋಡಿ ಮತ್ತೆ ಮೇಣ ಕರಗಿಸಲು ಕುಳಿತಳು. ಹಾಡಿನಲ್ಲಿ ಈಗ ಹೆಸರಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಎವಾಂಥಿಯಾಗೆ ಈಗ ಐದು ವರ್ಷ. ಮೂರು ಸಲ ಕೂಗಿದರೂ ಓಗೊಡುವುದಿಲ್ಲ, ಸದ್ದಿಲ್ಲದೆ ಎದುರಿಗೆ ಬಂದು ನಿಲ್ಲುತ್ತಾಳೆ. ಎಂಥ ಮೊಂಡು ಹುಡುಗಿ ಎಂದು ನೆರೆಯವರು ದೂರುತ್ತಾರೆ. ಹಾಗೆ ಕಲಿಸಿದವನು ಅವಳಪ್ಪ. ಅವನ ಕನ್ನಡಕದ ಅಂಗಡಿಯಲ್ಲಿ ರೇಡಿಯೊ ಕೂಡ ಇಲ್ಲ.